ಗುಜರಿಗೆ ಹಾಕುವ ಮೊದಲು ಬಿಚ್ಚಿ ನೋಡಿ

ಹೆಜಮಾಡಿಯ ಒಳರಸ್ತೆಗಳಿಗೆ ಗುಜರಿಯವನ ಟೆಂಪೊ ಆಗಾಗ ಬರುತ್ತದೆ. ಹಳೆ ಕಬ್ಬಿಣ, ಹಳೆ ಬ್ಯಾಟರಿ, ಹಳೆ ಪ್ಲಾಸ್ಟಿಕ್ ಎಂದು ಮೈಕಿನಲ್ಲಿ ಕೂಗಿಸುತ್ತ ಮನೆಮನೆಯ ಗೇಟಿನ ಮುಂದೆ ಒಂದು ಕ್ಷಣ ನಿಂತು ಹೋಗುತ್ತದೆ. ಅದರ ಹಿಂಬದಿಯಲ್ಲಿ ಏನೇನಿದೆ ಎಂದು ಇಣುಕುವುದು ನನಗೆ ಚಾಳಿ. ತಗಡು, ಫ್ಯಾನಿನ ರೆಕ್ಕೆ, ತೂತುಬಿದ್ದ ಹಂಡೆ, ಅವುಗಳ ಮೇಲೆ ಎರಡೋ ಮೂರೋ ಸೈಕಲ್ ಇದ್ದೇ ಇರುತ್ತವೆ. ಹಿಂದಿನ ಕಾಲದ ಕರಿ ಸೈಕಲ್ಲುಗಳಲ್ಲ. ದಪ್ಪ ಟಯರಿನ, ಎದುರು ಶಾಕ್ ಇರುವ, ಅಂಗಡಿಯವರು ಎಂಟಿಬಿ ಎಂದೂ ನಾವು ಗೇರ್ ಸೈಕಲ್ ಎಂದೂ ಕರೆಯುವ ಜಾತಿಯವು. ಯಾವುದೋ ಮನೆಯ ಹುಡುಗ ಹಟ ಹಿಡಿದು ತೆಗೆಸಿಕೊಂಡದ್ದು ಈಗ ಕಿಲೋ ಲೆಕ್ಕದಲ್ಲಿ ಹೋಗುತ್ತಿರುತ್ತದೆ.

ಅವುಗಳಲ್ಲಿ ಹೆಚ್ಚಿನವು ಗುಜರಿಗೆ ಹೋಗಬೇಕಾದವಲ್ಲ ಎಂಬುದು ನನ್ನ ವಾದ. ಇದನ್ನು ಹೇಳಲು ನನಗೆ ಸ್ವಲ್ಪ ಅಧಿಕಾರ ಉಂಟು ಎಂದುಕೊಂಡಿದ್ದೇನೆ. ಮುಂಬೈಯ ಸಾಕಿನಾಕಾದ ಒಂದು ಟೂಲ್‌ರೂಮಿನಲ್ಲಿ ಲೇತ್ ಮುಂದೆ ನಿಂತೇ ನನ್ನ ಪ್ರಾಯ ಹೋಯಿತು. ಊರಿಗೆ ಮರಳಿದಾಗ ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಮಗನ ಗೇರ್ ಸೈಕಲ್ ಗೋಡೆಗೆ ಒರಗಿ ನಿಂತಿತ್ತು. ಅವನು ದುಬೈ ಸೇರಿ ವರ್ಷಗಳಾಗಿದ್ದವು. ಟಯರು ನೆಲಕ್ಕೆ ಅಂಟಿತ್ತು, ಚೇನು ಒಂದೇ ತುಂಡಾಗಿ ಗಟ್ಟಿಯಾಗಿತ್ತು, ಸೀಟಿನೊಳಗೆ ಇಲಿ ಸಂಸಾರ ಮಾಡಿತ್ತು. "ಗುಜರಿಗೆ ಹಾಕಿ ಮಾರಾಯ್ರೆ, ಸೌದೆ ತೆಗೆಯುವಾಗ ಕಾಲಿಗೆ ಸಿಕ್ಕುತ್ತದೆ" ಎಂದಳು ಹೆಂಡತಿ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ಸುಮ್ಮನೆ ಸ್ಪ್ಯಾನರಿನಿಂದ ಫ್ರೇಮಿನ ಪೈಪಿಗೆ ಒಂದು ಬಡಿದೆ. ಟಣ್ ಎಂದಿತು. ಒಳಗಿನಿಂದ ಕೊಳೆತ ಪೈಪಿಗೆ ಆ ಸದ್ದು ಬರುವುದಿಲ್ಲ.

ನಮ್ಮ ಮನೆಯಿಂದ ಕಡಲು ಕೂಗಳತೆಯಲ್ಲಿದೆ. ಇಲ್ಲಿ ಕಬ್ಬಿಣದ ಆಯುಷ್ಯ ಘಟ್ಟದ ಮೇಲಿನವರು ಊಹಿಸಲಾರದಷ್ಟು ಕಡಿಮೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೆ ಮಳೆಗಿಂತ ಕೆಟ್ಟದ್ದು ಉಪ್ಪು. ಮಳೆ ನೀರು ಒಣಗುತ್ತದೆ. ಲೋಹದ ಮೇಲೆ ಕೂತ ಉಪ್ಪು ಗಾಳಿಯ ಪಸೆಯನ್ನು ಹೀರುತ್ತ ಬೇಸಿಗೆಯ ರಾತ್ರಿಯಲ್ಲೂ ಅದನ್ನು ತೇವವಾಗಿಯೇ ಇಡುತ್ತದೆ. ಹಾಗಾಗಿ ನಿಲ್ಲಿಸಿಟ್ಟ ಸೈಕಲ್ ಓಡಿಸಿದ ಸೈಕಲ್ಲಿಗಿಂತ ಬೇಗ ಹಾಳಾಗುತ್ತದೆ. ಮಕ್ಕಳು ಊರು ಬಿಟ್ಟ ಮನೆಗಳೇ ತುಂಬಿರುವ ನಮ್ಮ ಕರಾವಳಿಯಲ್ಲಿ ಕೊಟ್ಟಿಗೆ ಸೇರಿದ ಸೈಕಲ್ಲುಗಳಿಗೆ ಕೊರತೆ ಇಲ್ಲ.

ಬಿಚ್ಚಲು ಕೂತಾಗ ಮೊದಲು ಕೈಕೊಟ್ಟದ್ದು ಸೀಟಿನ ಪೈಪು. ಫ್ರೇಮು ಉಕ್ಕು, ಸೀಟಿನ ಪೈಪು ಅಲ್ಯೂಮಿನಿಯಂ. ಎರಡು ಬೇರೆ ಲೋಹಗಳ ನಡುವೆ ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಂ ತಾನು ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಅದು ಊದಿ ಪೈಪನ್ನು ಬಿಗಿದುಬಿಡುತ್ತದೆ. ಡೀಸೆಲ್ ಹಾಕಿ ನೆನೆಸಿದೆ, ಸುತ್ತಿಗೆಯಲ್ಲಿ ತಟ್ಟಿದೆ, ಪೈಪ್ ರೆಂಚ್ ಹಾಕಿದೆ. ಅಲ್ಲಾಡಲಿಲ್ಲ. ಬಿಸಿ ಮಾಡಿದರೆ ಕೆಲಸ ಕೆಡುತ್ತದೆ, ಯಾಕೆಂದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಹಿಗ್ಗುವುದು ಎರಡು ಪಟ್ಟಾದರೆ ಕುಗ್ಗುವುದೂ ಅಷ್ಟೇ ತಾನೆ? ಹೆಜಮಾಡಿಯಲ್ಲಿ ಮಂಜುಗಡ್ಡೆಗೆ ಬರವೇ? ಮೀನಿನ ಪೆಟ್ಟಿಗೆಗೆ ಹಾಕುವ ಮಂಜು ಒಂದು ಬಕೆಟ್ ತಂದು, ಕುಟ್ಟಿ, ಕಲ್ಲುಪ್ಪು ಬೆರೆಸಿ ಟೊಳ್ಳು ಪೈಪಿನೊಳಗೆ ತುಂಬಿಸಿದೆ. ಅರ್ಧ ಗಂಟೆ ಬಿಟ್ಟು ತಿರುಗಿಸಿದಾಗ ಕರಕರ ಎಂದು ಜರುಗಿತು. ಅಂಗಳ ಮೂರು ದಿನ ಬಂಗುಡೆ ವಾಸನೆ ಹೊಡೆಯಿತೆಂಬುದು ಬೇರೆ ಮಾತು.

ಪೆಡಲಿನ ಆ್ಯಕ್ಸಲ್ ಕೂರುವ ಜಾಗಕ್ಕೆ ಸೈಕಲ್ ಶಾಪಿನವರು ಬಿಬಿ ಎನ್ನುತ್ತಾರೆ. ಅಲ್ಲಿ ಬಲಗಡೆಯ ಕಪ್ಪಿಗೆ ಎಡ ಥ್ರೆಡ್. ಬಲಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಶಕ್ತಿ ಪ್ರದರ್ಶನ ಮಾಡಿ ಎಷ್ಟೋ ಫ್ರೇಮುಗಳನ್ನು ಜನ ಹಾಳುಮಾಡಿದ್ದಾರೆ. ಎಡ ಪೆಡಲಿಗೂ ಎಡ ಥ್ರೆಡ್ಡೇ. ತುಳಿಯುವಾಗ ತಾನಾಗಿ ಸಡಿಲಾಗದಿರಲಿ ಎಂದು ಹಿಂದಿನವರು ಮಾಡಿಟ್ಟ ಉಪಾಯ. ಕಪ್ ಹೊರಗೆ ಬಂದ ಮೇಲೆ ಹಳೆಯ ಚಾಳಿಯಂತೆ ಥ್ರೆಡ್ ಗೇಜ್ ಹಿಡಿದೆ. ಇಂಚಿಗೆ 24. ಅದು ಇಂಗ್ಲಿಷ್ ಸೈಕಲ್ಲುಗಳ ಅಳತೆ. ಆ ದೇಶದವರು ಇಲ್ಲಿಂದ ಹೋಗಿ ಎಷ್ಟು ಕಾಲವಾಯಿತು, ಅವರ ಥ್ರೆಡ್ ಮಾತ್ರ ಲೂಧಿಯಾನದ ಕಾರ್ಖಾನೆಗಳಲ್ಲಿ ಈಗಲೂ ಕೊರೆಯಲ್ಪಡುತ್ತಿದೆ. ಸಾಕಿನಾಕಾದಲ್ಲಿ ಒಂದೊಂದು ಜಪಾನಿ ಯಂತ್ರಕ್ಕೆ ಒಂದೊಂದು ಬಿಡಿಭಾಗ ಹುಡುಕಿ ಸತ್ತವನಿಗೆ ಇದರ ಬೆಲೆ ಗೊತ್ತು. ಯಾವ ಕಂಪನಿಯ ಸೈಕಲ್ಲೇ ಇರಲಿ, ಹಿಂದಿನ ಚಕ್ರಕ್ಕೆ ಕಾಲು ಇಂಚಿನ ಬಾಲ್ಸ್, ಮುಂದಿನದಕ್ಕೆ ಮೂರು ಹದಿನಾರರದು. ಒಂದು ಪೊಟ್ಟಣ ಬಾಲ್ಸ್, ಒಂದು ಡಬ್ಬಿ ಗ್ರೀಸ್, ಸೀಮೆಎಣ್ಣೆ ಸಿಕ್ಕದ ಕಾರಣ ಅರ್ಧ ಲೀಟರ್ ಡೀಸೆಲ್. ಇಷ್ಟರಲ್ಲಿ ಎರಡೂ ಚಕ್ರ ಬೆಣ್ಣೆಯಂತೆ ತಿರುಗತೊಡಗಿದವು.

ಎದುರಿನ ಶಾಕ್ ಉಳಿಯಲಿಲ್ಲ. ಒಳಗಿನ ಸ್ಪ್ರಿಂಗು ಕೈಯಲ್ಲಿ ಪುಡಿಯಾಯಿತು. ಅದರ ಜಾಗಕ್ಕೆ ಸಾದಾ ಉಕ್ಕಿನ ಫೋರ್ಕ್ ಹಾಕಿದೆ. ನೋಡಲು ಸ್ವಲ್ಪ ಬಡವಾಯಿತು, ತೂಕ ಇಳಿಯಿತು, ಹ್ಯಾಂಡಲ್ ಹೇಳಿದ ಮಾತು ಕೇಳತೊಡಗಿತು. ಅಗ್ಗದ ಸೈಕಲ್ಲಿಗೆ ಶಾಕ್ ಕೊಡುವುದು ಶೋರೂಮಿನ ಬೆಳಕಿಗಾಗಿಯೇ ಹೊರತು ರಸ್ತೆಗಾಗಿ ಅಲ್ಲ ಎಂಬ ನನ್ನ ಅಭಿಪ್ರಾಯವನ್ನು ಮಗ ಫೋನಿನಲ್ಲಿ ಒಪ್ಪಲಿಲ್ಲ.

ಈ ಜಾತಿಯ ಸೈಕಲ್ ಹುಟ್ಟಿದ್ದೇ ಹಳೆಯದನ್ನು ಮತ್ತೆ ಕಟ್ಟಿದವರ ಕೈಯಲ್ಲಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಕೆಲವು ಯುವಕರು ಗುಡ್ಡದ ಮಣ್ಣುದಾರಿಯಲ್ಲಿ ಇಳಿಯಲು ಹೊಸ ಸೈಕಲ್ ಕೊಳ್ಳಲಿಲ್ಲ. ಅವರ ಅಪ್ಪಂದಿರ ಕಾಲದ, 1930 ಮತ್ತು 40ರ ದಶಕದ ಶ್ವಿನ್ ಸೈಕಲ್ಲುಗಳನ್ನು ಕೊಟ್ಟಿಗೆ ಗುಜರಿಗಳಿಂದ ಎಳೆದು ತಂದರು. ಪೇಪರ್ ಹಾಕುವ ಹುಡುಗರು ತುಳಿಯುತ್ತಿದ್ದ, ದಪ್ಪ ಟಯರಿನ ಭಾರದ ಗಾಡಿಗಳು ಅವು. ಮಡ್‌ಗಾರ್ಡ್ ಕಿತ್ತರು, ಬೇರೆ ಬ್ರೇಕ್ ಹಾಕಿದರು, ಗೇರ್ ಜೋಡಿಸಿದರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ತಿರದ ಒಂದು ಇಳಿಜಾರಿನಲ್ಲಿ ಮೊದಲ ಪಂದ್ಯ ನಡೆಯಿತು. ಸುಮಾರು ಮೂರು ಕಿಲೋಮೀಟರ್ ದಾರಿಯಲ್ಲಿ 1,300 ಅಡಿ ಇಳಿತ. ಹಿಂದಿನ ಹಬ್ಬಿನ ಬ್ರೇಕ್ ಎಷ್ಟು ಬಿಸಿಯಾಗುತ್ತಿತ್ತೆಂದರೆ ಒಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಕೆಳಗೆ ಮುಟ್ಟಿದ ಮೇಲೆ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕು. ಆ ಕೆಲಸದಿಂದಲೇ ಪಂದ್ಯಕ್ಕೆ ರಿಪ್ಯಾಕ್ ಎಂಬ ಹೆಸರು ಬಂತು. ಮರುವರ್ಷ ಜೋ ಬ್ರೀಜ್ ಎಂಬವರು ಇದಕ್ಕೆಂದೇ ಹೊಸ ಫ್ರೇಮ್ ಬೆಸೆದರು. 1981ರಲ್ಲಿ ಸ್ಟಂಪ್‌ಜಂಪರ್ ಎಂಬ ಹೆಸರಿನಲ್ಲಿ ಕಾರ್ಖಾನೆಯ ಮಾಲು ಅಂಗಡಿಗೆ ಬಂತು. 1996ರಲ್ಲಿ ಅಟ್ಲಾಂಟಾದಲ್ಲಿ ಒಲಿಂಪಿಕ್ಸಿಗೇ ಸೇರಿತು.

ನನ್ನ ಕೊಟ್ಟಿಗೆಯ ಸೈಕಲ್ಲಿನ 26 ಇಂಚಿನ ರಿಮ್ ಆ ಹಳೆ ಶ್ವಿನ್‌ಗಳ ವಂಶದ್ದೇ. ಶಿಕಾಗೋದ ಆ ಕಂಪನಿ 1933ರಲ್ಲಿ ತಂದ ದಪ್ಪ ಟಯರಿನ ಅಳತೆಯೇ ಮರಿನ್‌ನ ಹುಡುಗರ ಮೂಲಕ ಇಲ್ಲಿಯವರೆಗೆ ಬಂತು. ಈಗ ದೊಡ್ಡ ಕಂಪನಿಗಳು 27.5, 29 ಇಂಚು ಎಂದು ದಾಟಿಹೋಗಿವೆ. ದುಬಾರಿ ಸೈಕಲ್ಲುಗಳ ಲೋಕದಲ್ಲಿ 26 ಎಂದರೆ ಹಳೆ ತಲೆಮಾರು. ನಮ್ಮ ಪೇಟೆಯ ಅಂಗಡಿಯಲ್ಲಿ ಮಾತ್ರ ಗೂಟದಲ್ಲಿ ನೇತಾಡುವುದು ಹೆಚ್ಚಾಗಿ ಅದೇ. ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಬೇಕು: ಹಳೆಯ ಲೇಡೀಸ್ ಸೈಕಲ್ಲಿನ ಸಪೂರ ಟಯರೂ 26 ಇಂಚಿನದೇ, ಆದರೆ ಅದರ ರಿಮ್ 590 ಮಿಲಿಮೀಟರ್, ಇದರದ್ದು 559. ಟಯರಿನ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕನ್ನಡಕ ಹಾಕಿಕೊಂಡು ಓದಿ.

ಗಾಡಿ ಸಿದ್ಧವಾದ ಮೇಲೆ ಮೊದಲು ಹೋದದ್ದು ಕೋಡಿಗೆ. ಶಾಂಭವಿ ಹೊಳೆಗೂ ಕಡಲಿಗೂ ನಡುವೆ ಸಪೂರವಾಗುತ್ತ ಹೋಗುವ ಮರಳಿನ ನೆಲ ಅದು. ಆಚೆ ದಡ ದಕ್ಷಿಣ ಕನ್ನಡ. ಕಡಲು ಇಳಿದ ಹೊತ್ತಿನಲ್ಲಿ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಟಯರಿನ ಗಾಳಿ ಸ್ವಲ್ಪ ಬಿಟ್ಟರೆ ದಪ್ಪ ಚಕ್ರ ಹೂಳದೆ ಓಡುತ್ತದೆ. ಸಾದಾ ಸೈಕಲ್ಲಿನಲ್ಲಿ ಇದು ಆಗುವ ಮಾತಲ್ಲ. ಗಾಳಿಮರಗಳ ನೆರಳಲ್ಲಿ ಬಲೆ ಸರಿಮಾಡುತ್ತಿದ್ದವರು ಒಮ್ಮೆ ತಲೆ ಎತ್ತಿ, ಈ ಪ್ರಾಯದಲ್ಲಿ ಇವನಿಗೆ ಎಂತ ಆಯಿತಪ್ಪ ಎಂಬಂತೆ ನೋಡಿ ಮತ್ತೆ ಕೆಲಸಕ್ಕೆ ಇಳಿದರು. ಉತ್ತರಕ್ಕೆ ಹೋದರೆ ಪಡುಬಿದ್ರಿ. 2020ರಲ್ಲಿ ಅಲ್ಲಿಯ ಕಡಲತೀರಕ್ಕೆ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ ಮೇಲೆ ಹೊರಗಿನ ಜನ ಕಾರಿನಲ್ಲಿ ಬಂದು ಫೋಟೋ ತೆಗೆದು ಹೋಗುತ್ತಾರೆ. ತೀರದಲ್ಲಿ ಸೈಕಲ್ ಬಿಡುವವರಿಗೆ ಲೇತಿನವನ ಸಲಹೆ: ಅಲೆ ಚಕ್ರಕ್ಕೆ ತಾಗುವಷ್ಟು ಹತ್ತಿರ ಹೋಗಬೇಡಿ, ಮನೆಗೆ ಬಂದ ಕೂಡಲೇ ಬಾವಿ ನೀರಲ್ಲಿ ತೊಳೆಯಿರಿ, ಒಣಗಿದ ಮೇಲೆ ಚೇನಿಗೆ ಎಣ್ಣೆ ಬಿಡಿ. ತೆಂಗಿನೆಣ್ಣೆ ಬೇಡ, ಅಂಟಾಗುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಮೂಡಲ ದಿಕ್ಕು. ರೈಲು ಹಳಿಯ ಆಚೆ ಪಲಿಮಾರು, ಅಲ್ಲಿಂದ ಇನ್ನಾ, ಮುಂಡ್ಕೂರು. ಶಾಂಭವಿಯ ಬಲದಂಡೆಯ ಸೀಮೆ ಇದು. ಬಾಲ್ಯದಲ್ಲಿ ನೆಂಟರ ಮನೆಗೆ ನಡೆದು ಹೋಗುತ್ತಿದ್ದ ಕಡೆ. ಡಾಮರು ಬಿಟ್ಟು ಒಳಗೆ ತಿರುಗಿದರೆ ಮುರಕಲ್ಲಿನ ದಾರಿ, ಗುಡ್ಡೆಯ ಏರು, ಮತ್ತೆ ಕೆಳಗೆ ತೋಟದ ಬದಿಯ ತಂಪು. ಏರಿನಲ್ಲಿ ಮುಂದೆ 24 ಹಲ್ಲಿನ ಚಕ್ರಕ್ಕೂ ಹಿಂದೆ 28 ಹಲ್ಲಿನದಕ್ಕೂ ಚೇನು ಹಾಕಿದರೆ ಪೆಡಲ್ ಪೂರ್ತಿ ಒಂದು ಸುತ್ತು ಬಂದಾಗ ಚಕ್ರ ಒಂದು ಸುತ್ತೂ ಬರುವುದಿಲ್ಲ. ನಡೆಯುವವರು ಹಿಂದೆ ಹಾಕುತ್ತಾರೆ. ಹಾಕಲಿ. ಮೊಣಕಾಲು ಅಳುವುದಿಲ್ಲ, ಇಳಿದು ತಳ್ಳಬೇಕಾಗುವುದಿಲ್ಲ. ಮಕ್ಕಳ ಶೋಕಿ ಎಂದು ನಾವು ತಿಳಿದ ಗೇರು ನಿಜವಾಗಿ ಬೇಕಾದದ್ದು ಅರುವತ್ತು ಸಮೀಪಿಸಿದವರಿಗೆ. ನಮ್ಮ ಗುಡ್ಡೆಗಳ ಊರಿನಲ್ಲಂತೂ.

ಪಡುವಣದಿಂದ ಮೂಡಣಕ್ಕೆ ಹೋಗಲು ಹೆದ್ದಾರಿ ದಾಟಬೇಕು, ಅದೊಂದೇ ತೊಂದರೆ. ರಾಷ್ಟ್ರೀಯ ಹೆದ್ದಾರಿ 66 ಚತುಷ್ಪಥವಾದ ಮೇಲೆ ಹೆಜಮಾಡಿ ಎಂದರೆ ಹೊರಗಿನವರಿಗೆ ಟೋಲ್‌ಗೇಟ್ ಎಂದಷ್ಟೇ ಅರ್ಥ. 2022ರ ಡಿಸೆಂಬರ್ 1ರಂದು ಸುರತ್ಕಲ್‌ನ ಗೇಟು ಮುಚ್ಚಿ ಅದನ್ನು ನಮ್ಮದಕ್ಕೆ ವಿಲೀನ ಮಾಡಿದಾಗ ಪತ್ರಿಕೆಗಳಲ್ಲಿ ನಮ್ಮ ಊರಿನ ಹೆಸರು ಬಂದಷ್ಟು ಬೇರೆ ಯಾವಾಗಲೂ ಬಂದಿರಲಿಕ್ಕಿಲ್ಲ. ಸೈಕಲ್ಲಿಗೆ ಟೋಲ್ ಇಲ್ಲ, ಸರಿ. ದಾರಿಯೂ ಇಲ್ಲ. ಡಿವೈಡರಿನ ಸಂದು ದೂರ, ಸರ್ವಿಸ್ ರಸ್ತೆ ಅಲ್ಲಲ್ಲಿ ಮಾತ್ರ. ಶಾಲೆ ಮಕ್ಕಳು, ಮೀನು ಮಾರುವವರು, ನಾನು, ಎಲ್ಲರೂ ಎದುರು ದಿಕ್ಕಿನಲ್ಲಿ ಅಂಚು ಹಿಡಿದು ಲಾರಿಗಳ ಗಾಳಿಗೆ ಓಲಾಡುತ್ತ ಸಾಗುತ್ತೇವೆ. ಇದರ ಬಗ್ಗೆ ಬೇಕಾದಷ್ಟು ಮನವಿಗಳು ಹೋಗಿವೆ. ನಾನು ಹೇಳಹೊರಟದ್ದು ಅದಲ್ಲ.

ಸೈಕಲ್ ಕಟ್ಟುವಾಗ ನನಗೆ ಎರಡು ಕೆಲಸ ಬರಲಿಲ್ಲ. ಹಿಂದಿನ ಫ್ರೀವೀಲ್ ತೆಗೆಯಲು ಬೇಕಾದ ವಿಶೇಷ ಪುಲ್ಲರ್ ನನ್ನಲ್ಲಿ ಇರಲಿಲ್ಲ. ಚಕ್ರದ ಬೆಂಡ್ ತೆಗೆಯುವ ಕೈ ಇರಲಿಲ್ಲ. 36 ಕಡ್ಡಿಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸಿ ರಿಮ್ಮನ್ನು ನೇರ ಮಾಡುವುದು ಲೇತಿನಲ್ಲಿ ಕಲಿಯುವ ವಿದ್ಯೆಯಲ್ಲ. ಪಡುಬಿದ್ರಿ ಕಡೆಯ ಒಂದು ಹಳೆ ಸೈಕಲ್ ಶಾಪಿಗೆ ಹೋದೆ. ಅಂಗಡಿಯವರು ನನಗಿಂತ ಹಿರಿಯರು. ಚಕ್ರವನ್ನು ಗಾಳಿಯಲ್ಲಿ ಒಮ್ಮೆ ತಿರುಗಿಸಿ, ಕಡ್ಡಿಗಳನ್ನು ಬೆರಳಿನಿಂದ ಮೀಟಿ ಸ್ವರ ಕೇಳಿದರು. ಎಲ್ಲಿ ಸ್ವರ ತಗ್ಗಿದೆಯೋ ಅಲ್ಲಿ ಚಾವಿ ಹಾಕಿದರು. ನೋಡನೋಡುತ್ತಿದ್ದಂತೆ ಓಲಾಟ ನಿಂತಿತು. "ಅಣ್ಣ, ಇದನ್ನು ಯಾರಿಗಾದರೂ ಕಲಿಸಿದ್ದೀರಾ?" ಎಂದೆ. "ಯಾರಿಗೆ ಬೇಕು ಮಾರಾಯ್ರೆ? ಬೆಂಡ್ ತೆಗೆಯಲಿಕ್ಕೆ ನೂರು ರೂಪಾಯಿ ಅಂದ್ರೆ ಚರ್ಚೆ ಮಾಡ್ತಾರೆ. ಪಂಕ್ಚರಿನಲ್ಲಿ ಎಂತ ಉಂಟು? ಮಗ ಟೆಂಪೊ ಇಟ್ಟಿದ್ದಾನೆ, ಅದೇ ಒಳ್ಳೆದು" ಎಂದರು.

ಚರ್ಚೆ ಮಾಡುವವರಲ್ಲಿ ನಮ್ಮಂಥವರೇ ಹೆಚ್ಚು. ಸ್ಕೂಟರಿನ ಸರ್ವಿಸಿಗೆ ಕಂಪ್ಯೂಟರ್ ಬಿಲ್ ಬಂದರೆ ಓದದೆ ದುಡ್ಡು ಕೊಡುತ್ತೇವೆ. ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತವನ ಹತ್ತಿರ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ.

ಸರಕಾರದ ನಡೆಯೂ ಇದೇ. 2006-07ರಲ್ಲಿ ಕರ್ನಾಟಕದಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಒಳ್ಳೆಯ ಯೋಜನೆ. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ತುಳಿದುಕೊಂಡು ಹೋದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಕೋವಿಡ್ ಕಾಲದಲ್ಲಿ ಅದು ನಿಂತಿತು, ಮತ್ತೆ ಕೊಡಿ ಎಂಬ ಬೇಡಿಕೆ ಆಗಾಗ ಏಳುತ್ತದೆ. ಕೊಡಲಿ, ನಾನೂ ಆ ಬೇಡಿಕೆಯ ಪರ. ಆದರೆ ಅಷ್ಟು ವರ್ಷ ಕೊಟ್ಟ ಸೈಕಲ್ಲುಗಳು ಎಲ್ಲಿ ಹೋದವು? ವಿತರಣೆಯ ಫೋಟೋ ಉಂಟು, ಗುಣಮಟ್ಟದ ಬಗ್ಗೆ ದೂರು ಉಂಟು. ಚೇನು ಕಳಚಿದರೆ, ಬ್ರೇಕ್ ಸವೆದರೆ ಮಗು ಎಲ್ಲಿಗೆ ಒಯ್ಯಬೇಕು ಎಂಬ ಯೋಚನೆ ಇಲ್ಲ. ಒಂದು ಮಳೆಗಾಲ ಕಳೆದ ಮೇಲೆ ಬಿಬಿ ಬಿಚ್ಚಿ ಗ್ರೀಸ್ ಹಾಕದ ಸೈಕಲ್ ನಮ್ಮ ಕರಾವಳಿಯಲ್ಲಿ ಎರಡನೆಯ ಮಳೆಗಾಲ ದಾಟುವುದು ಕಷ್ಟ. ಅದನ್ನು ಯಾರು ಮಾಡಬೇಕು?

ಕೇಂದ್ರ ಸರಕಾರ 2022ರ ಜುಲೈಯಲ್ಲಿ ರಿಪೇರಿ ಹಕ್ಕಿಗೆಂದು ಒಂದು ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಮೊಬೈಲ್, ಟಿವಿ ಫ್ರಿಜ್ಜಿನಂಥ ಗೃಹೋಪಯೋಗಿ ವಸ್ತು, ವಾಹನ, ಕೃಷಿ ಯಂತ್ರ ಇವುಗಳ ಬಿಡಿಭಾಗ ಮತ್ತು ಮಾಹಿತಿ ಗ್ರಾಹಕನಿಗೆ ಸಿಗಬೇಕೆಂಬುದು ಅದರ ಉದ್ದೇಶ. ಸೈಕಲ್ಲಿಗೆ ಆ ಹೋರಾಟದ ಅಗತ್ಯವೇ ಇಲ್ಲ. ಅದರ ಬಾಗಿಲು ಇನ್ನೂ ತೆರೆದೇ ಉಂಟು, ಯಾವ ಕಂಪನಿಯೂ ಬೀಗ ಹಾಕಿಲ್ಲ. ಒಳಗೆ ಹೋಗಬಲ್ಲವರೇ ಕಡಿಮೆಯಾಗುತ್ತಿದ್ದಾರೆ. ಕಾರ್ಖಾನೆಗಳೂ ಶಾಶ್ವತವಲ್ಲ. 2020ರ ಜೂನ್ 3ರಂದು, ಬೇರೆ ದಿನ ಸಿಗದೆ ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಘಟಕ ಕೆಲಸ ನಿಲ್ಲಿಸಿತು. ಹಾಗೆಂದು ಹಳ್ಳಿಹಳ್ಳಿಯಲ್ಲಿರುವ ಅಟ್ಲಾಸ್ ಸೈಕಲ್ಲುಗಳೇನೂ ನಿಲ್ಲಲಿಲ್ಲ. ಅವುಗಳ ಬಾಲ್ಸು, ಚೇನು, ಟಯರು ಎಲ್ಲರದ್ದೂ ಒಂದೇ ಅಳತೆ.

ಲೆಕ್ಕ ಕೇಳುವವರಿದ್ದಾರೆ. ಕೈಕೆಲಸದ ಕೂಲಿ ಬಿಟ್ಟು ನನಗೆ ಮೂರು ಸಾವಿರದ ಮೇಲೆ ಖರ್ಚಾಯಿತು, ಮಾರಲು ಹೋದರೆ ಅಷ್ಟೂ ಬರಲಿಕ್ಕಿಲ್ಲ. ಇದಕ್ಕಿಂತ ಸ್ವಲ್ಪ ಹೆಚ್ಚು ಹಾಕಿದರೆ ಹೊಸದೇ ಬರುತ್ತದಲ್ಲ ಎಂದು ಭಾವ ವಾದಿಸಿದ. ಬರುತ್ತದೆ. ಅದೇ ಶೋಕಿಯ ಶಾಕ್, ಅದೇ ತೆಳು ಬಣ್ಣ, ಅದೇ ಉಪ್ಪಿನ ಗಾಳಿ. ಎರಡು ವರ್ಷಕ್ಕೆ ಅದೂ ಟೆಂಪೊ ಹತ್ತಿದರೆ ಭಾವನ ಲೆಕ್ಕ ಎಲ್ಲಿ ನಿಲ್ಲುತ್ತದೆ? ನನ್ನದರ ಒಳಗೆ ಏನಿದೆ ಎಂದು ನನಗೆ ಗೊತ್ತು. ಮಳೆಗಾಲ ಮುಗಿದ ಕೂಡಲೇ ಯಾವುದನ್ನು ಬಿಚ್ಚಬೇಕೆಂದೂ ಗೊತ್ತು.

ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ನಮ್ಮ ಜಿಲ್ಲೆಯ ಬ್ರಹ್ಮಾವರದಲ್ಲೂ ಇದೆ. ಊಟ ವಸತಿ ಕೊಟ್ಟು ಪುಕ್ಕಟೆಯಾಗಿ ಕೆಲಸ ಕಲಿಸುವ ಜಾಗ. ಇಂಥ ಕಡೆ ಸೈಕಲ್ ರಿಪೇರಿಯದ್ದೇ ಒಂದು ಸಣ್ಣ ತರಬೇತಿ ಇಟ್ಟರೆ ಏನು ನಷ್ಟ? ಗೇರು, ಡಿಸ್ಕ್ ಬ್ರೇಕು, ಈಗ ಬರುತ್ತಿರುವ ಬ್ಯಾಟರಿ ಸೈಕಲ್ಲು ಎಲ್ಲ ಸೇರಿಸಿ. ಮಣಿಪಾಲದಲ್ಲಿ ವಿದ್ಯಾರ್ಥಿಗಳ ಕೈಯಲ್ಲಿರುವ ಸೈಕಲ್ಲುಗಳ ಬೆಲೆ ಕೇಳಿದರೆ ನಮ್ಮ ಕಡೆಯ ಮೆಕ್ಯಾನಿಕ್ಕುಗಳಿಗೆ ತಲೆ ತಿರುಗಬಹುದು. ಅವುಗಳನ್ನು ಬಿಚ್ಚಿ ಕಟ್ಟಬಲ್ಲ ಹುಡುಗನೋ ಹುಡುಗಿಯೋ ಉಪವಾಸ ಬೀಳಲಾರರು. ಉಚಿತ ಸೈಕಲ್ ಮತ್ತೆ ಕೊಡುವುದಾದರೆ ಟೆಂಡರಿನಲ್ಲೇ ಇನ್ನೊಂದು ಸಾಲು ಬೇಕು: ಇಂತಿಷ್ಟು ಶಾಲೆಗಳಿಗೆ ಒಬ್ಬ ಮೆಕ್ಯಾನಿಕ್, ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲೊಮ್ಮೆ ಆಮೇಲೊಮ್ಮೆ, ಶಾಲೆಯ ಜಗಲಿಯಲ್ಲೇ ಕೂತು ಎಲ್ಲ ಸೈಕಲ್ಲುಗಳನ್ನು ನೋಡಬೇಕು, ಅವನ ಕೂಲಿ ಸೈಕಲ್ಲಿನ ದರದಲ್ಲೇ ಸೇರಿರಬೇಕು. ಮಕ್ಕಳು ಸುತ್ತ ನಿಂತು ನೋಡಲಿ, ಬಾಲ್ಸ್ ಹೆಕ್ಕಿಕೊಡಲಿ.

ಬೆಂಡ್ ತೆಗೆಯುವುದನ್ನು ಕಲಿಸಲು ಯಾರು ಸಿಗುತ್ತಾರೆ ಎಂದು ಅಧಿಕಾರಿಗಳು ಕೇಳಿದರೆ ಪಡುಬಿದ್ರಿ ಕಡೆಯ ಆ ಅಂಗಡಿಯ ದಾರಿ ತೋರಿಸಲು ನಾನು ತಯಾರಿದ್ದೇನೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅವರು ಬಾಗಿಲು ಹಾಕಿ ಊಟಕ್ಕೆ ಹೋಗಿರುತ್ತಾರೆ, ಅದು ಬಿಟ್ಟು ಯಾವ ಹೊತ್ತಿಗೆ ಬಂದರೂ ಆಗುತ್ತದೆ. ನೂರು ರೂಪಾಯಿಗೆ ಚೌಕಾಸಿ ಮಾತ್ರ ಬೇಡ.